ಇಲ್ಲದ ಬಿಲ್ಲು ಬಿಡಿ, ಪೆಟ್ರೋಲ್ ಉಳಿಸಿ: ಹಳ್ಳಿಮನೆಗೆ ಸೌರ ವಿದ್ಯುತ್, ಗೋಬರ್ ಗ್ಯಾಸ್, ಹೊಂಗೆ ಎಣ್ಣೆ

ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಹಳ್ಳಿಗಳಿಗೆ ಸೌರ ಫಲಕ ಮಾರಲು ಬರುವವರ ಮೊದಲ ಮಾತು ‘ನಿಮ್ಮ ಕರೆಂಟ್ ಬಿಲ್ಲು ಸೊನ್ನೆಯಾಗುತ್ತದೆ’ ಎಂಬುದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ತಿಂಗಳಿಗೆ ಅರವತ್ತು-ಎಪ್ಪತ್ತು ಯೂನಿಟ್ ಉರಿಸುವ ಸಾಮಾನ್ಯ ರೈತನ ಮನೆಯ ಬಿಲ್ಲು ಆಗಲೇ ಸೊನ್ನೆಯಾಗಿದೆ. ಇಲ್ಲದ ಬಿಲ್ಲನ್ನು ಉಳಿಸಲು ಸಾಲ ಮಾಡುವುದು ಯಾವ ಲೆಕ್ಕ?

ಹಳ್ಳಿಮನೆಯಿಂದ ರೊಕ್ಕ ಹೊರಗೆ ಹೋಗುವುದು ಬೇರೆ ದಾರಿಗಳಲ್ಲಿ: ದ್ವಿಚಕ್ರ ವಾಹನದ ಪೆಟ್ರೋಲ್, ಅಡುಗೆಯ ಸಿಲಿಂಡರ್, ಪಂಪು ಮತ್ತು ಟ್ರ್ಯಾಕ್ಟರ್‌ನ ಡೀಸೆಲ್. ಇವುಗಳ ಜೊತೆಗೆ ಗಾಳಿಮಳೆಯ ರಾತ್ರಿ ಕರೆಂಟ್ ಹೋದಾಗಿನ ಕತ್ತಲೆ. ಈ ಮಾರ್ಗದರ್ಶಿ ಇರುವುದು ಇವುಗಳಿಗಾಗಿ. ಸೂರ್ಯನನ್ನು ಬಲ್ಬಿಗಿಂತ ಮೊದಲು ಚಕ್ರಕ್ಕೆ ಹಚ್ಚಿ, ಸಗಣಿಯನ್ನು ಒಲೆಗೆ ಬಿಡಿ, ಎಣ್ಣೆಯನ್ನು ಹಳೆಯ ಎಂಜಿನ್‌ಗೆ ಮಾತ್ರ ಹಾಕಿ ಎಂಬುದು ನನ್ನ ಸಲಹೆ. ಅನೇಕರು ಈ ಕ್ರಮವನ್ನು ತಿರುಗುಮುರುಗು ಮಾಡಿಕೊಂಡು ಜೈವಿಕ ಡೀಸೆಲ್‌ನಿಂದ ಶುರುಮಾಡುತ್ತಾರೆ, ಅಲ್ಲಿಗೇ ಬೇಸತ್ತು ಬಿಡುತ್ತಾರೆ.

ಮೊದಲು ಲೆಕ್ಕದ ಪುಸ್ತಕ

ಒಂದು ವಾರ ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ಮೀಟರ್ ನೋಡಿ ಬರೆದಿಡಿ. ದಿನಕ್ಕೆ ಎರಡು ಸಲ ಏಕೆಂದರೆ, ಹಗಲಿನ ಬಳಕೆಗೆ ಫಲಕ ಸಾಕು. ರಾತ್ರಿಯ ಬಳಕೆಗೆ ಬ್ಯಾಟರಿ ಬೇಕು. ಇಡೀ ವ್ಯವಸ್ಥೆಯಲ್ಲಿ ಆಗಾಗ ಬದಲಿಸಬೇಕಾಗಿ ಬರುವ ದುಬಾರಿ ವಸ್ತು ಬ್ಯಾಟರಿಯೇ. ಅದೇ ಪುಸ್ತಕದಲ್ಲಿ ಪೆಟ್ರೋಲ್ ಹಾಕಿಸಿದ ದಿನ, ಓಡಿದ ಕಿಲೋಮೀಟರ್, ಸಿಲಿಂಡರ್ ಬದಲಿಸಿದ ತಾರೀಖನ್ನೂ ಬರೆಯಿರಿ.

ಒಂದು ಮನೆಯ ಮಾದರಿ ನೋಡೋಣ. ಒಂಬತ್ತು ವ್ಯಾಟ್‌ನ ಆರು ಎಲ್‌ಇಡಿ ಬಲ್ಬು ಐದು ತಾಸು ಉರಿದರೆ 270 ವ್ಯಾಟ್-ಅವರ್. ಮೂವತ್ತು ವ್ಯಾಟ್‌ನ ಮೂರು ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ) ಫ್ಯಾನ್ ಹತ್ತು ತಾಸು ತಿರುಗಿದರೆ 900. ಟಿವಿ ನಾಲ್ಕು ತಾಸಿಗೆ 240, ಸಣ್ಣ ಫ್ರಿಜ್ ದಿನಕ್ಕೆ 1000, ಮಿಕ್ಸರ್ ಕಾಲು ತಾಸಿಗೆ 125, ಮೊಬೈಲ್‌ಗಳಿಗೆ 50. ಸಾವಿರ ವ್ಯಾಟ್-ಅವರ್ ಅಂದರೆ ಒಂದು ಯೂನಿಟ್; ಒಟ್ಟು ಸುಮಾರು 2.6 ಯೂನಿಟ್. ಇದಕ್ಕೆ ದಿನಕ್ಕೆ ಮೂವತ್ತು ಕಿಲೋಮೀಟರ್ ಓಡುವ ವಿದ್ಯುತ್ ಸ್ಕೂಟರ್ ಸೇರಿಸಿ. ಅದು ಕಿಲೋಮೀಟರಿಗೆ ಸುಮಾರು 30 ವ್ಯಾಟ್-ಅವರ್ ತಿನ್ನುತ್ತದೆ; ಚಾರ್ಜರ್‌ನಲ್ಲಿ ಪೋಲಾಗುವುದೂ ಸೇರಿ ದಿನಕ್ಕೆ ಒಂದು ಯೂನಿಟ್ ಎಂದಿಟ್ಟುಕೊಳ್ಳಿ. ಇಲ್ಲಿಗೆ 3.6 ಆಯಿತು. ಇನ್ವರ್ಟರ್ ಮತ್ತು ಬ್ಯಾಟರಿಯಲ್ಲಿ ಕಳೆದುಹೋಗುವುದನ್ನು ಕೂಡಿಸಿದರೆ ಫಲಕಗಳು ದಿನಕ್ಕೆ ನಾಲ್ಕೂಕಾಲು ಯೂನಿಟ್ ಕೊಡಬೇಕು.

ಫಲಕ ಕೊಳ್ಳುವ ಮೊದಲು ಫ್ಯಾನ್ ಬದಲಿಸಿ. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ಮೂರನ್ನು ಬದಲಿಸಿದರೆ ದಿನಕ್ಕೆ 1.35 ಯೂನಿಟ್ ಉಳಿಯಿತು. ಮುನ್ನೂರು ವ್ಯಾಟ್‌ಗೂ ಮೀರಿದ ಫಲಕದ ಖರ್ಚು ತಪ್ಪಿತು.

ನಮ್ಮ ಭಾಗದಲ್ಲಿ ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಜುಲೈ-ಆಗಸ್ಟ್‌ನ ಮೋಡದಲ್ಲಿ ಅದು ಅರ್ಧಕ್ಕೆ ಇಳಿಯಬಹುದು. ಮಲೆನಾಡಿಗೆ ಅಂಟಿಕೊಂಡ ಹಾನಗಲ್, ಕಲಘಟಗಿಯ ಕಡೆ ಇಳಿಕೆ ಹೆಚ್ಚು. ಮುಂಡರಗಿ, ರೋಣದ ಬಯಲಿನಲ್ಲಿ ಕಡಿಮೆ. 540 ವ್ಯಾಟ್‌ನ ಮೂರು ಫಲಕ, ಅಂದರೆ 1.6 ಕಿಲೋವ್ಯಾಟ್ ಹಾಕಿದರೆ ವರ್ಷದ ಬಹುಪಾಲು ದಿನ ಮೇಲಿನ ಲೆಕ್ಕ ದಾಟುತ್ತದೆ. ಮುಸುಕಿದ ಮಳೆಗಾಲದ ದಿನಗಳಲ್ಲಿ ಸ್ಕೂಟರನ್ನು ನಮ್ಮ ಭಾಗದ ವಿದ್ಯುತ್ ಕಂಪನಿಯಾದ ಹೆಸ್ಕಾಂನ ಲೈನಿಗೆ ಹಚ್ಚಿ. ಅದಕ್ಕಾಗಿ ನಾಲ್ಕನೆಯ ಫಲಕ ಕೊಳ್ಳುವುದು ದಂಡ.

ಯಾವ ಬಗೆಯ ವ್ಯವಸ್ಥೆ

ಮನೆಯ ಚಾವಣಿಗೆ ಸೌರ ಫಲಕ ಹಾಕಿಸುವವರಿಗೆ ನೆರವಾಗುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಆರಂಭವಾಯಿತು. ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಗರಿಷ್ಠ 78,000 ಸಹಾಯಧನ. ಆನ್‌ಲೈನ್ ಅರ್ಜಿ, ನೋಂದಾಯಿತ ಮಾರಾಟಗಾರ, ದೇಶದಲ್ಲೇ ತಯಾರಾದ ಕೋಶಗಳ ಫಲಕ, ಹೆಸ್ಕಾಂನ ನೆಟ್ ಮೀಟರ್ (ಲೈನಿಗೆ ಕೊಟ್ಟದ್ದು, ಲೈನಿನಿಂದ ಪಡೆದದ್ದು ಎರಡನ್ನೂ ಅಳೆಯುವಂಥದು), ಕೊನೆಗೆ ನಿಮ್ಮ ಬ್ಯಾಂಕ್ ಖಾತೆಗೆ ಹಣ. ದಾರಿ ಸರಳವಾಗಿದೆ. ಆದರೆ ಈ ಸಹಾಯಧನ ಗ್ರಿಡ್‌ಗೆ, ಅಂದರೆ ಹೆಸ್ಕಾಂ ಲೈನಿಗೆ ಜೋಡಿಸಿದ ವ್ಯವಸ್ಥೆಗೆ ಮಾತ್ರ. ಬರಿಯ ಗ್ರಿಡ್ ಇನ್ವರ್ಟರ್ ಲೈನ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಕರೆಂಟ್ ಹರಿದು ಹೋಗಬಾರದು ಎಂದೇ ಅದನ್ನು ಹಾಗೆ ಮಾಡಿದ್ದಾರೆ. ಆದ್ದರಿಂದ ಚಾವಣಿಯ ಮೇಲೆ ಮೂರು ಕಿಲೋವ್ಯಾಟ್ ಇದ್ದರೂ ಮಟಮಟ ಮಧ್ಯಾಹ್ನ ಫ್ಯಾನ್ ತಿರುಗುವುದಿಲ್ಲ. ಮಾರುವವರು ಇದನ್ನು ತಾವಾಗಿ ಹೇಳುವುದು ಅಪರೂಪ.

ತಿಂಗಳಿಗೆ ಇನ್ನೂರು ಯೂನಿಟ್ ದಾಟುವ ಮನೆ, ಅಥವಾ ಪ್ರತಿದಿನ ಹುಬ್ಬಳ್ಳಿಗೆ ನೌಕರಿಗೆ ಹೋಗಿ ಸ್ಕೂಟರನ್ನು ರಾತ್ರಿಯೇ ಚಾರ್ಜ್ ಮಾಡಬೇಕಾದ ಮನೆ ನಿಮ್ಮದಾದರೆ ಗ್ರಿಡ್ ವ್ಯವಸ್ಥೆಯೇ ಲೇಸು. ಹಗಲು ಲೈನಿಗೆ ಕೊಟ್ಟದ್ದು ರಾತ್ರಿ ಬಳಸಿದ್ದರಲ್ಲಿ ಕಳೆಯುತ್ತದೆ. ಅರ್ಜಿ ಹಾಕುವ ಮೊದಲು ಉಪವಿಭಾಗದ ಕಚೇರಿಗೆ ಹೋಗಿ, ನೆಟ್ ಮೀಟರ್ ಬಂದ ಮೇಲೆ ನಿಮ್ಮ ಗೃಹಜ್ಯೋತಿ ಲೆಕ್ಕ ಹೇಗಾಗುತ್ತದೆ ಎಂದು ಕೇಳಿ ತಿಳಿದುಕೊಳ್ಳಿ.

ಬಿಲ್ಲು ಸೊನ್ನೆಯಿರುವ, ಹಗಲು ಮನೆಯಲ್ಲಿ ಜನವಿರುವ ರೈತ ಕುಟುಂಬಕ್ಕೆ ನಾನು ಹೇಳುವುದು ಬ್ಯಾಟರಿಯುಳ್ಳ ಸಣ್ಣ ವ್ಯವಸ್ಥೆ: 2 ಕೆವಿಎಯ 24 ವೋಲ್ಟ್ ಸೋಲಾರ್ ಪಿಸಿಯು (ಫಲಕ, ಬ್ಯಾಟರಿ, ಲೈನ್ ಮೂರನ್ನೂ ನಿಭಾಯಿಸುವ ಇನ್ವರ್ಟರ್), ಎಂಪಿಪಿಟಿ ಚಾರ್ಜರ್ (ಫಲಕದಿಂದ ಆದಷ್ಟು ಹೆಚ್ಚು ವಿದ್ಯುತ್ ಪಡೆಯುವಂಥದು) ಒಳಗೇ ಇರುವಂಥದು. ಅದನ್ನು ‘ಮೊದಲು ಸೂರ್ಯ, ಆಮೇಲೆ ಬ್ಯಾಟರಿ, ಕೊನೆಗೆ ಲೈನ್’ ಎಂಬ ಕ್ರಮಕ್ಕೆ ಹೊಂದಿಸಿಡಿ. ನೀರೆತ್ತುವ ಒಂದು ಎಚ್‌ಪಿ ಮೋಟರನ್ನು ಇದಕ್ಕೆ ಜೋಡಿಸಬೇಡಿ. ಅದು ಚಾಲೂ ಆಗುವಾಗ ಹಲವು ಪಟ್ಟು ಕರೆಂಟ್ ಎಳೆದು ಪಿಸಿಯುವನ್ನು ಟ್ರಿಪ್ ಮಾಡುತ್ತದೆ. ಹೆಸ್ಕಾಂ ಲೈನಿನಲ್ಲೇ ಇರಲಿ.

ಬ್ಯಾಟರಿಗೆ ಮಾದರಿ ಮನೆಯ ರಾತ್ರಿಯ ಲೆಕ್ಕ ಸುಮಾರು 1.7 ಯೂನಿಟ್. 25.6 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ 2.56 ಯೂನಿಟ್ ಹಿಡಿಯುತ್ತದೆ. ನೂರಕ್ಕೆ ಎಂಬತ್ತು ಪಾಲು ಬಳಸಿದರೆ ಎರಡು ಯೂನಿಟ್ ಸಿಕ್ಕಿತು. ಸೀಸದ ಟ್ಯೂಬ್ಯುಲರ್ ಬ್ಯಾಟರಿಗಳನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತವೆ. 150 ಆಂಪಿಯರ್-ಅವರ್‌ನ ಎರಡು ಇಟ್ಟರೂ ಸಿಗುವುದು 1.8 ಯೂನಿಟ್ ಅಷ್ಟೇ, ಮೇಲೆ ಬಟ್ಟಿ ಇಳಿಸಿದ ನೀರು ಹಾಕುವ ಕೆಲಸ. ಆದರೆ ಊರ ಮೆಕ್ಯಾನಿಕ್‌ಗೆ ಅವು ಗೊತ್ತು, ಹಳೆಯದಕ್ಕೆ ಗುಜರಿ ಬೆಲೆಯೂ ಉಂಟು. ಕೈಯಲ್ಲಿ ಹಣ ಕಡಿಮೆ ಇದ್ದರೆ ಅವುಗಳಿಂದಲೇ ಶುರುಮಾಡುವುದರಲ್ಲಿ ಅವಮಾನವೇನಿಲ್ಲ.

ಎರೆ ಭೂಮಿಯಲ್ಲಿ ಕಂಬ, ಮಣ್ಣಿನ ಮಾಳಿಗೆಯಲ್ಲಿ ಭಾರ

540 ವ್ಯಾಟ್‌ನ ಫಲಕ ಏಳೂವರೆ ಅಡಿ ಉದ್ದ, ಸುಮಾರು 28 ಕಿಲೋ ತೂಕ. ಸಿಮೆಂಟ್ ಆರ್‌ಸಿಸಿ ಚಾವಣಿಗೆ ಇದು ಲೆಕ್ಕಕ್ಕಿಲ್ಲ. ನರಗುಂದ, ರೋಣ, ನವಲಗುಂದದ ಕಡೆಯ ಮಣ್ಣಿನ ಮಾಳಿಗೆ ಮನೆಗಳ ಮಾತು ಬೇರೆ. ತೊಲೆ-ಜಂತಿಗಳು ಆಗಲೇ ಮಣ್ಣಿನ ಭಾರ ಹೊತ್ತು ನಿಂತಿರುತ್ತವೆ. ಗಾಳಿಗೆ ಫಲಕ ಎಳೆಯುವ ಎಳೆತಕ್ಕೆ ಹಿಡಿತ ಕೊಡುವುದು ಅವುಗಳಿಂದ ಆಗದು. ಮೊಳೆ ಹೊಡೆದ ಜಾಗದಲ್ಲಿ ಮೊದಲ ಮಳೆಗೇ ಸೋರುತ್ತದೆ. ಅಂಥ ಮನೆಗೆ ಹಿತ್ತಲಲ್ಲಿ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ. ಆಳೆತ್ತರಕ್ಕಿಂತ ಮೇಲೆ ಕಟ್ಟಿದರೆ ಕೆಳಗೆ ದನ ಕಟ್ಟಬಹುದು, ಸ್ಕೂಟರನ್ನು ನೆರಳಿಗೆ ನಿಲ್ಲಿಸಬಹುದು.

ಸ್ಟ್ಯಾಂಡಿನ ಬುನಾದಿಯಲ್ಲಿ ಹಲವರು ಸೋಲುತ್ತಾರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಎರಡು ಅಡಿ ಗುಂಡಿಯಲ್ಲಿ ನಿಲ್ಲಿಸಿದ ಕಂಬ ಎರಡನೆಯ ಬೇಸಿಗೆಗೆ ವಾಲುತ್ತದೆ. ಬಿರುಕು ಇಳಿಯುವ ಆಳವನ್ನು ಏಪ್ರಿಲ್‌ನಲ್ಲಿ ಒಂದು ಉದ್ದನೆಯ ಕಡ್ಡಿ ಬಿಟ್ಟು ನೋಡಿ. ಅದಕ್ಕಿಂತ ಕೆಳಗೆ ಅಗೆದು, ತಳಕ್ಕೆ ಗರಸು ತುಂಬಿ ಕುಟ್ಟಿ, ಆಮೇಲೆ ಕಾಂಕ್ರೀಟ್ ಹಾಕಿ. ಕಾಂಕ್ರೀಟಿನ ಸುತ್ತಲೂ ಅಗೆದ ಎರೆ ಮಣ್ಣನ್ನೇ ತುಂಬದೆ ಗರಸು ಅಥವಾ ಮರಳು ತುಂಬಿ.

ಫಲಕ ದಕ್ಷಿಣಕ್ಕೆ ಮುಖ ಮಾಡಿರಲಿ. ವಾಲು ಹದಿನೈದು ಡಿಗ್ರಿ, ನಮ್ಮ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಏಳೂವರೆ ಅಡಿ ಫಲಕವನ್ನು ಉದ್ದಕ್ಕೆ ಇಟ್ಟರೆ ಮೇಲಿನ ಅಂಚು ಕೆಳಗಿನದಕ್ಕಿಂತ ಸುಮಾರು ಎರಡು ಅಡಿ ಎತ್ತರದಲ್ಲಿರಬೇಕು. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಪಕ್ಕದಲ್ಲಿ ಸುಳ್ಳು ಹೇಳುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸಿನಲ್ಲಿ, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅತಿ ಚಿಕ್ಕದಾದ ಹೊತ್ತಿಗೆ ಅದರ ಗೆರೆ ಎಳೆಯಿರಿ. ಅದೇ ಉತ್ತರ-ದಕ್ಷಿಣ.

ಫಲಕದಿಂದ ಪಿಸಿಯುವರೆಗೆ 4 ಚದರ ಮಿಲಿಮೀಟರಿನ ಸೌರ ಡಿಸಿ ತಂತಿಯೇ ಬೇಕು, ನಡುವೆ ಡಿಸಿ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್ಚು) ಬೇಕು. ಮನೆಯಲ್ಲಿ ಉಳಿದ ಎಸಿ ಎಂಸಿಬಿಯನ್ನು ಹಾಕಿದರೆ ಅದು ಡಿಸಿಯ ಕಿಡಿಯನ್ನು ಆರಿಸಲಾರದೆ ಒಳಗೇ ಸುಟ್ಟುಹೋಗುತ್ತದೆ. ಅರ್ಥಿಂಗ್ ಗುಂಡಿಗಳು ಮೂರು, ಪ್ರತ್ಯೇಕ: ಸಿಡಿಲು ತಡೆಗೆ ಒಂದು, ಡಿಸಿಗೆ ಒಂದು, ಎಸಿಗೆ ಒಂದು. ಏಪ್ರಿಲ್-ಮೇ ತಿಂಗಳ ಸಂಜೆ ಮಳೆಯಲ್ಲಿ ಸಿಡಿಲು ಹೆಚ್ಚು, ಆಗಲೇ ಎರೆ ಭೂಮಿ ಒಣಗಿ ಬಿರಿದು ಅರ್ಥಿಂಗ್ ಸರಳಿನಿಂದ ದೂರ ಸರಿದಿರುತ್ತದೆ. ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡಿದರೆ ವರ್ಷವಿಡೀ ತೇವವಿರುತ್ತದೆ.

ರಾಶಿಯ ಕಾಲದಲ್ಲಿ ಹೊಟ್ಟು ಮತ್ತು ಧೂಳು ಫಲಕದ ಮೇಲೆ ಪದರಗಟ್ಟುತ್ತವೆ. ಬಿಸಿಲೇರುವ ಮೊದಲು ನೀರು, ಮೆತ್ತನೆಯ ಬಟ್ಟೆಯಿಂದ ಒರೆಸಿ. ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ.

ಸ್ಕೂಟರ್: ರೊಕ್ಕ ಉಳಿಯುವುದು ಇಲ್ಲಿ

ಲೀಟರಿಗೆ 45 ಕಿಲೋಮೀಟರ್ ಕೊಡುವ ಪೆಟ್ರೋಲ್ ಗಾಡಿಗೆ ದಿನಕ್ಕೆ ಮೂವತ್ತು ಕಿಲೋಮೀಟರಿಗೆ ಮುಕ್ಕಾಲು ಲೀಟರಿನ ಹತ್ತಿರ ಬೇಕು. ಪೆಟ್ರೋಲ್ ಲೀಟರಿಗೆ ನೂರು ದಾಟಿರುವಾಗ ತಿಂಗಳಿಗೆ ಎರಡು ಸಾವಿರ. ಅದೇ ಓಟಕ್ಕೆ ಸೂರ್ಯನ ಒಂದು ಯೂನಿಟ್ ಸಾಕು. ಮನೆಯ ಬೇರೆ ಯಾವ ಉಪಕರಣವೂ ಒಂದು ಯೂನಿಟ್‌ನಿಂದ ಇಷ್ಟು ಉಳಿಸುವುದಿಲ್ಲ.

ಗಾಡಿ ಬಿಸಿಲ ಹೊತ್ತಿನಲ್ಲಿ ಮನೆಯಲ್ಲಿರುತ್ತದೆಯೇ ಎಂಬುದೊಂದೇ ನೋಡಬೇಕಾದದ್ದು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಹೊಲಕ್ಕೆ ಹೋಗಿ, ಹತ್ತು-ಹನ್ನೊಂದಕ್ಕೆ ಮನೆಗೆ ಬರುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಅಷ್ಟರಲ್ಲಿ ಮನೆಯ ಬ್ಯಾಟರಿ ತುಂಬುತ್ತ ಬಂದಿರುತ್ತದೆ. ಹನ್ನೊಂದರಿಂದ ಮೂರರವರೆಗಿನ ಬಿಸಿಲು ಗಾಡಿಗೆ. ಇಡೀ ದಿನ ಹೊರಗಿರುವವರು ಬ್ಯಾಟರಿ ಕಳಚುವ ಗಾಡಿಯನ್ನು ಆರಿಸಬಹುದು, ಆದರೆ ಎರಡನೆಯ ಬ್ಯಾಟರಿಯ ಬೆಲೆ ಉಳಿತಾಯವನ್ನು ನುಂಗುತ್ತದೆ.

ಚಾರ್ಜರ್‌ಗೆ 16 ಆಂಪಿಯರ್ ಸಾಕೆಟ್, 2.5 ಚದರ ಮಿಲಿಮೀಟರ್ ತಾಮ್ರದ ತಂತಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್ಚು) ಹಾಕಿಸಿ. ಹಳ್ಳಿಯ ಅನೇಕ ಮನೆಗಳಲ್ಲಿ ಸಾಕೆಟ್ಟಿನ ಮೂರನೆಯ ತೂತು ಎಲ್ಲಿಗೂ ಜೋಡಣೆಯಾಗಿರುವುದಿಲ್ಲ. ಆರ್‌ಸಿಸಿಬಿ ಹಾಕುವ ಮೊದಲು ಎಲೆಕ್ಟ್ರಿಶಿಯನ್‌ನಿಂದ ಫೇಸ್ ಮತ್ತು ಅರ್ಥ್ ನಡುವೆ ನೂರು ವ್ಯಾಟ್‌ನ ಹಳೆಯ ಬಲ್ಬು ಹಚ್ಚಿಸಿ ನೋಡಿ. ಮಂಕಾಗಿ ಉರಿದರೆ ಅಥವಾ ಉರಿಯದೇ ಇದ್ದರೆ ಅರ್ಥಿಂಗ್ ಸರಿಯಾಗುವವರೆಗೆ ಗಾಡಿ ಹಚ್ಚಬೇಡಿ. ಬೇಸಿಗೆಯಲ್ಲಿ ಓಡಿ ಬಂದ ಗಾಡಿಯನ್ನು ಅರ್ಧ ತಾಸು ನೆರಳಲ್ಲಿ ಆರಲು ಬಿಟ್ಟು ಚಾರ್ಜಿಗೆ ಹಾಕಿ. ಮಲಗುವ ಕೋಣೆಯಲ್ಲಿ ಚಾರ್ಜ್ ಮಾಡುವುದು ಬೇಡ.

ಕಾಯಿಪಲ್ಲೆ ಸಾಗಿಸುವ ವಿದ್ಯುತ್ ತ್ರಿಚಕ್ರ ವಾಹನಕ್ಕೆ ದಿನಕ್ಕೆ ಏಳೆಂಟು ಯೂನಿಟ್ ಬೇಕಾಗಬಹುದು. ಅದಕ್ಕೆ ಮೇಲೆ ಹೇಳಿದ ಮೂರು ಫಲಕ ಸಾಲದು. ಮೂರು ಕಿಲೋವ್ಯಾಟ್‌ನ ಗ್ರಿಡ್ ವ್ಯವಸ್ಥೆಗೆ ಹೋಗಿ.

ಸಗಣಿ ಒಲೆಗೆ, ಎಂಜಿನ್‌ಗಲ್ಲ

ಒಂದು ಘನ ಮೀಟರ್ ಅನಿಲಕ್ಕೆ 25 ಕಿಲೋ ಸಗಣಿ ಬೇಕು. ಐದಾರು ಜನರ ಅಡುಗೆಗೆ ಎರಡು ಘನ ಮೀಟರಿನ ಘಟಕ, ಅಂದರೆ ದಿನಕ್ಕೆ 50 ಕಿಲೋ, ನಾಲ್ಕೈದು ದನ. ಮೇಯಲು ಹೊರಗೆ ಹೋಗುವ ದನದ ಸಗಣಿ ಅರ್ಧ ದಾರಿಯಲ್ಲೇ ಬೀಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಗಣಿಗೆ ಸಮ ಅಳತೆಯ ನೀರು ಕೂಡಿಸಿ, ಹುಲ್ಲುಕಡ್ಡಿ ಆರಿಸಿ ತೆಗೆದು ಬಿಡಬೇಕು.

ಇಟ್ಟಿಗೆಯ ಗುಮ್ಮಟದ ದೀನಬಂಧು ಮಾದರಿ ಅಗ್ಗ, ದೀರ್ಘಾಯು. ಕೆಂಪು ಮಣ್ಣಿನ ಶಿರಹಟ್ಟಿ, ಹಿರೇಕೆರೂರು ಕಡೆ ಧೈರ್ಯವಾಗಿ ಕಟ್ಟಿ. ಎರೆ ಭೂಮಿಯಲ್ಲಿ ಮಾತ್ರ ಮಣ್ಣಿನ ಉಬ್ಬರಕ್ಕೆ ಗುಮ್ಮಟ ಕೂದಲೆಳೆಯಷ್ಟು ಸೀಳಿದರೂ ಅನಿಲವೆಲ್ಲ ಹೋಯಿತು. ಅಲ್ಲಿ ಸುತ್ತಲೂ ಒಂದಡಿ ಮರಳು ತುಂಬಿಸಿ ಕಟ್ಟಬೇಕು. ಅದು ದುಬಾರಿ ಎನಿಸಿದರೆ ತೇಲುವ ಡ್ರಮ್ ಅಥವಾ ನೆಲದ ಮೇಲಿಡುವ ರಬ್ಬರ್ ಚೀಲದ ಮಾದರಿ ಆರಿಸಿ.

ಮೊದಲ ಸಲ ತುಂಬಲು ಸುಮಾರು ಎರಡು ಟನ್ ಸಗಣಿ ಕೂಡಿಸಬೇಕು. ನಡೆಯುತ್ತಿರುವ ಘಟಕದಿಂದ ಕೆಲವು ಬಕೆಟ್ ಬಗ್ಗಡ ತಂದು ಸುರಿದರೆ ಅನಿಲ ಬೇಗ ಹುಟ್ಟುತ್ತದೆ, ಮಜ್ಜಿಗೆಯಿಂದ ಹೆಪ್ಪು ಹಾಕಿದ ಹಾಗೆ. ಮೊದಲು ಕೂಡಿದ ಅನಿಲವನ್ನು ಹಚ್ಚದೆ ಹೊರಗೆ ಬಿಟ್ಟುಬಿಡಿ. ಅದರಲ್ಲಿ ಗಾಳಿ ಬೆರೆತಿರುತ್ತದೆ. ಪೈಪು ಒಲೆಯಿಂದ ಘಟಕದ ಕಡೆ ಇಳಿಜಾರಾಗಿರಲಿ, ತಗ್ಗಿನಲ್ಲಿ ನೀರು ಬಸಿಯುವ ತಿರುಪು ಇರಲಿ. ಗೋಬರ್ ಗ್ಯಾಸ್‌ಗೆ ಬೇರೆಯದೇ ಒಲೆ ಬೇಕು. ಎರಡು ಘನ ಮೀಟರ್ ಪೂರ್ತಿ ಸಿಕ್ಕ ದಿನ ಮುಕ್ಕಾಲು ಕಿಲೋಗೂ ಹೆಚ್ಚು ಎಲ್‌ಪಿಜಿ ಉಳಿದಂತೆ. ಡಿಸೆಂಬರ್-ಜನವರಿಯ ಚಳಿಗೆ ಕಡಿಮೆಯಾಗುತ್ತದೆ.

ಇದರಿಂದ ಪಂಪು ಓಡಿಸಬಾರದೇ? ಡೀಸೆಲ್ ಎಂಜಿನ್ನಿನ ಗಾಳಿ ಕೊಳವೆಗೆ ಈ ಅನಿಲ ಕೊಟ್ಟು ಮುಕ್ಕಾಲು ಭಾಗ ಡೀಸೆಲ್ ಉಳಿಸುವುದು ಹಳೆಯ ವಿದ್ಯೆ. ಆದರೆ ಎಚ್‌ಪಿಗೆ ತಾಸಿಗೆ ಸುಮಾರು ಅರ್ಧ ಘನ ಮೀಟರ್ ಬೇಕು. ಐದು ಎಚ್‌ಪಿ ಎಂಜಿನ್ ಒಂದು ತಾಸಿನೊಳಗೆ ಇಡೀ ದಿನದ ಅಡುಗೆಯನ್ನು ನುಂಗುತ್ತದೆ. ಇಪ್ಪತ್ತು ದನದ ಕೊಟ್ಟಿಗೆಯವರಿಗೆ ಬಿಟ್ಟು ಉಳಿದವರಿಗೆ ಒಲೆಯೇ ಸರಿ. ಅನಿಲವನ್ನು ಹಳೆಯ ಸಿಲಿಂಡರಿಗೆ ಒತ್ತಿ ತುಂಬಿ ಬೈಕ್ ಓಡಿಸುವ ವಿಡಿಯೋಗಳನ್ನು ನೋಡಿ ಮರುಳಾಗಬೇಡಿ. ವಾಹನಕ್ಕೆ ತುಂಬುವ ಅನಿಲದಿಂದ ಇಂಗಾಲದ ಡೈಆಕ್ಸೈಡನ್ನೂ ಗಂಧಕವನ್ನೂ ತೆಗೆದು ಸುಮಾರು 200 ಬಾರ್‌ಗೆ ಒತ್ತಬೇಕು. ಮನೆಯಲ್ಲಿ ಅದನ್ನು ಮಾಡುವುದು ಬಾಂಬ್ ಕಟ್ಟಿದಂತೆಯೇ ಸರಿ.

ಹೊಂಗೆ ಎಣ್ಣೆ: ಒಬ್ಬನ ಕೆಲಸವಲ್ಲ

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಿಂದ ಓಡಿತ್ತು. ಶೇಂಗಾ ನಾಡಿನವರಾದ ನಮಗೆ ಕೇಳಲು ಹಿತ, ಆದರೆ ಒಗ್ಗರಣೆಯ ಎಣ್ಣೆಯನ್ನು ಎಂಜಿನ್‌ಗೆ ಸುರಿಯುವ ಕಾಲ ಇದಲ್ಲ. ಬದುವಿನಲ್ಲಿ, ರಸ್ತೆ ಬದಿಯಲ್ಲಿ ಬೀಳುವ ಹೊಂಗೆ ಬೀಜ ತಿನ್ನಲು ಬರುವುದಿಲ್ಲ, ಅದಕ್ಕೇ ಅದು ಇಂಧನಕ್ಕೆ ಸೂಕ್ತ.

ಗಾಣದ ಯಂತ್ರದಲ್ಲಿ ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಲೀಟರ್ ಎಣ್ಣೆ, ಮೂರು ಕಿಲೋ ಹಿಂಡಿ. ಹಿಂಡಿ ಒಳ್ಳೆಯ ಸಾರಜನಕ ಗೊಬ್ಬರ, ಗೆದ್ದಲನ್ನೂ ದೂರವಿಡುತ್ತದೆ. ದನಕ್ಕೆ ಮಾತ್ರ ಹಾಕಬೇಡಿ. ನಿಜ ಹೇಳಬೇಕೆಂದರೆ ಲಾಭ ಹಿಂಡಿಯಲ್ಲೇ ಹೆಚ್ಚು. ಐದು ಎಚ್‌ಪಿ ಎಂಜಿನ್ ತಾಸಿಗೆ ಒಂದು ಲೀಟರಿಗಿಂತ ತುಸು ಹೆಚ್ಚು ಕುಡಿಯುತ್ತದೆ. ಐದರಲ್ಲಿ ಒಂದು ಪಾಲು ಹೊಂಗೆ ಎಣ್ಣೆ ಬೆರೆಸಿ ನೂರು ತಾಸು ಓಡಿಸಲು ತೊಂಬತ್ತು ಕಿಲೋ ಬೀಜ ಬೇಕು. ಒಂದು ಮನೆ ಇಷ್ಟು ಆಯುವುದು ಕಷ್ಟ, ಹತ್ತು ಮನೆ ಸೇರಿದರೆ ಸುಲಭ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಜಿಲ್ಲೆಯಿದು. ಬೀಜ ಕೂಡಿಸಿ ಒಂದು ಗಾಣ ಇಟ್ಟುಕೊಳ್ಳುವುದು ಅದಕ್ಕಿಂತ ದೊಡ್ಡ ಸಾಹಸವೇನಲ್ಲ.

ಎಣ್ಣೆಯನ್ನು ಎರಡು ವಾರ ಡ್ರಮ್ಮಿನಲ್ಲಿ ಅಲ್ಲಾಡಿಸದೆ ಬಿಡಿ, ಗಸಿ ಇಳಿಯುತ್ತದೆ. ಮೇಲಿನದನ್ನು ಕಾಯಿಸಿ ನೀರಿನಂಶ ಹಾರಿಸಿ, ದಪ್ಪ ಬಟ್ಟೆ ಮತ್ತು ಡೀಸೆಲ್ ಫಿಲ್ಟರಿನಲ್ಲಿ ಸೋಸಿ. ಶೇಕಡಾ 20ಕ್ಕಿಂತ ಹೆಚ್ಚು ಬೆರೆಸಬೇಡಿ. ಬರಿ ಡೀಸೆಲ್‌ನಲ್ಲಿ ಎಂಜಿನ್ ಚಾಲೂ ಮಾಡಿ, ಕಾದ ಮೇಲೆ ಮಿಶ್ರಣಕ್ಕೆ ತಿರುಗಿಸಿ, ನಿಲ್ಲಿಸುವ ಐದು ನಿಮಿಷ ಮೊದಲು ಮತ್ತೆ ಡೀಸೆಲ್‌ಗೆ ಬನ್ನಿ. ಇಲ್ಲವಾದರೆ ದಪ್ಪ ಎಣ್ಣೆ ನಾಝಲ್‌ನಲ್ಲಿ ಅಂಟಾಗಿ ಕೂರುತ್ತದೆ. ಎಂಜಿನ್ ಆಯಿಲನ್ನು ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಬದಲಿಸಿ. ಇದೆಲ್ಲ ನಿಧಾನವಾಗಿ ತಿರುಗುವ ಹಳೆಯ ಪಂಪ್‌ಸೆಟ್ ಎಂಜಿನ್‌ಗೆ ಮಾತ್ರ. ಕಾಮನ್ ರೇಲ್ (ಭಾರಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಸೂಕ್ಷ್ಮ ವ್ಯವಸ್ಥೆ) ಇರುವ ಹೊಸ ಟ್ರ್ಯಾಕ್ಟರ್‌ಗೆ, ಬಿಎಸ್-6 ಗಾಡಿಗೆ ಒಂದು ಹನಿಯೂ ಬೇಡ.

ಜೈವಿಕ ಡೀಸೆಲ್ ಅಂದರೆ ಇದೇ ಎಣ್ಣೆಯನ್ನು ಮೆಥನಾಲ್ ಮತ್ತು ಕ್ಷಾರದ ಜೊತೆ 55-60 ಡಿಗ್ರಿಯಲ್ಲಿ ಕಲಕಿ, ತಳಕ್ಕಿಳಿದ ಗ್ಲಿಸರಿನ್ ಬೇರ್ಪಡಿಸಿ, ನೀರಿನಿಂದ ತೊಳೆದು ಒಣಗಿಸಿದ್ದು. ಹೊಂಗೆ ಎಣ್ಣೆಯಲ್ಲಿ, ಅದರಲ್ಲೂ ಹಳೆಯ ಬೀಜದ್ದರಲ್ಲಿ ಆಮ್ಲದಂಶ ಹೆಚ್ಚಿರುವುದರಿಂದ ಕ್ಷಾರ ಹಾಕಿದ ಕೂಡಲೇ ಸಾಬೂನಾಗಿ ಗಟ್ಟಿಯಾಗುತ್ತದೆ. ಮೊದಲು ಗಂಧಕಾಮ್ಲದ ಇನ್ನೊಂದು ಹಂತ ಬೇಕು. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಹೊತ್ತಿಕೊಂಡರೆ ಹಗಲಿನಲ್ಲಿ ಅದರ ಉರಿ ಕಾಣುವುದಿಲ್ಲ. ಅಡುಗೆಮನೆಯಲ್ಲಿ ಮಾಡುವ ಕೆಲಸವಲ್ಲ ಇದು. ಗುಂಪಾಗಿ, ಪರವಾನಗಿ ಪಡೆದು, ಬಲ್ಲವರ ಕೈಕೆಳಗೆ ಕಲಿತು ಮಾಡಬೇಕಾದದ್ದು. ಹುಬ್ಬಳ್ಳಿಯ ಮಿರ್ಚಿ ಅಂಗಡಿಗಳ ಕರಿದ ಎಣ್ಣೆ ಇದಕ್ಕೆ ಹೊಂಗೆಗಿಂತ ಸುಲಭದ ಕಚ್ಚಾವಸ್ತು, ಅದು ಮತ್ತೆ ಬಾಣಲೆಗೆ ಹೋಗದಿದ್ದರೆ ತಿನ್ನುವವರಿಗೂ ಒಳ್ಳೆಯದು.

ಇನ್ನೆರಡು ಮಾತು ಬೇಗ. ಗೋವಿನಜೋಳದಿಂದ ಮನೆಯಲ್ಲೇ ಎಥನಾಲ್ ಇಳಿಸುವ ಯೋಚನೆ ಬಿಡಿ. ಪರವಾನಗಿಯಿಲ್ಲದ ಭಟ್ಟಿ 1965ರ ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಕಪ್ಪತಗುಡ್ಡದ ಸುತ್ತಲಿನ ಗಾಳಿಯಂತ್ರಗಳನ್ನು ನೋಡಿ ಮಾಳಿಗೆಯ ಮೇಲೆ ಸಣ್ಣದೊಂದನ್ನು ಇಡಲು ಹೊರಡುವವರಿದ್ದಾರೆ. ಆ ಯಂತ್ರಗಳಿಗೆ ಸಿಗುವ ಗಾಳಿ ಅಷ್ಟೆತ್ತರದ್ದು, ಮಾಳಿಗೆಗೆ ಬರುವುದು ಮರ-ಗೋಡೆಗೆ ಬಡಿದು ಸೊರಗಿದ ಗಾಳಿ.

ಕೊಳ್ಳುವ ಮುನ್ನ

ಸೆಪ್ಟೆಂಬರ್ ಸುಮಾರಿಗೆ ನಡೆಯುವ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಫಲಕ, ಪಂಪು, ಗ್ಯಾಸ್ ಘಟಕಗಳನ್ನು ಒಂದೇ ದಿನ ಮುಟ್ಟಿ ನೋಡಬಹುದು. ಮಳಿಗೆಯವರನ್ನು ಮೂರು ಪ್ರಶ್ನೆ ಕೇಳಿ. ಲೈನ್ ಹೋದಾಗ ಇದು ನಡೆಯುತ್ತದೆಯೇ? ಬ್ಯಾಟರಿಯ ವಾರಂಟಿ ವರ್ಷಕ್ಕೋ, ಚಾರ್ಜಿನ ಸಂಖ್ಯೆಗೋ? ಪಿಸಿಯು ಕೆಟ್ಟರೆ ಹುಬ್ಬಳ್ಳಿಯಲ್ಲಿ ರಿಪೇರಿ ಮಾಡುವವರು ಯಾರು, ಎಷ್ಟು ದಿನದಲ್ಲಿ? ಉತ್ತರಗಳನ್ನು ಕೊಟೇಶನ್ನಿನ ಹಿಂಬದಿಯಲ್ಲಿ ಬರೆಸಿ, ಸಹಿ ಹಾಕಿಸಿಕೊಂಡ ಮೇಲೆ ಮುಂಗಡ ಕೊಡಿ.